ಚೌಕಟ್ಟಿನೊಳಗಿನ ಪಠ್ಯ: ಜಾಲಪುಟ ವಿನ್ಯಾಸ ಮತ್ತು ಪಾಠಲೋಪ

ಗರಿ ಮುರಿಯುವುದು, ಹುಳು ತಿನ್ನುವುದು, ಲಿಪಿಕಾರನ ಕೈತಪ್ಪು ಇವು ಓಲೆಪ್ರತಿಗಳಲ್ಲಿ ಪಾಠಲೋಪಕ್ಕೆ ಕಾರಣಗಳೆಂದು ಗ್ರಂಥಸಂಪಾದನ ಶಾಸ್ತ್ರ ಗುರುತಿಸಿದೆ. ಜಾಲಪುಟದಲ್ಲಿ ಇನ್ನೊಂದು ಬಗೆಯ ಲೋಪ ಸಂಭವಿಸುತ್ತದೆ. ಅಲ್ಲಿ ಪಠ್ಯ ಪೂರ್ಣವಾಗಿಯೇ ಇರುತ್ತದೆ. ಆದರೆ ಅದನ್ನಿರಿಸಿದ ಚೌಕಟ್ಟು ಕೊನೆಯ ಸಾಲುಗಳನ್ನು ಮರೆಮಾಡುತ್ತದೆ.

ಪರದೆಯನ್ನು ಸ್ವತಂತ್ರ ಭಾಗಗಳಾಗಿ ವಿಂಗಡಿಸುವ 'ಫ್ರೇಮ್' ಪದ್ಧತಿ 1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0ರೊಂದಿಗೆ ಬಳಕೆಗೆ ಬಂದಿತು. 1997ರ ಡಿಸೆಂಬರಿನಲ್ಲಿ ಎಚ್‌ಟಿಎಂಎಲ್ 4.0 ಅದನ್ನು ಮಾನ್ಯಮಾಡಿತು. ಎಡಕ್ಕೆ ಅಕಾರಾದಿ, ಬಲಕ್ಕೆ ಪಠ್ಯ ಎಂಬ ಜೋಡಣೆ ಸಂಪಾದಿತ ಕೃತಿಗಳಿಗೆ ಸಹಜವಾಗಿಯೇ ಒಪ್ಪುವಂಥದು.

ದೋಷ ಹುಟ್ಟುವುದು ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ನಿಗದಿಗೊಳಿಸಿ, 'ಸ್ಕ್ರಾಲಿಂಗ್' ಗುಣಕ್ಕೆ 'ನೋ' ಎಂದು ಬರೆದಾಗ. ವಿನ್ಯಾಸಕಾರನ ಪರದೆಯಲ್ಲಿ ಹಿಡಿಸಿದ ಪಠ್ಯ, ಅಕ್ಷರಗಳನ್ನು ಹಿಗ್ಗಿಸಿಕೊಂಡ ಓದುಗನ ಪರದೆಯಲ್ಲಿ ಹಿಡಿಸದು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವ ಕನ್ನಡದಲ್ಲಿ ಸಾಲುಗಳ ನಡುವಿನ ಅಂತರವೂ ಹೆಚ್ಚು ಬೇಕು. ಷಟ್ಪದಿಯಲ್ಲಿ ಒಂದು ಪಾದ ಕಾಣದಿದ್ದರೆ ಛಂದಸ್ಸೇ ಅದನ್ನು ಸೂಚಿಸುತ್ತದೆ. ವಚನಕ್ಕೆ ಸಾಲುಗಳ ನಿಯತ ಸಂಖ್ಯೆಯಿಲ್ಲ. ಅದರ ಕೊನೆಯ ಸಾಲು ಮರೆಯಾದರೆ ಬಹುಮಟ್ಟಿಗೆ ಅಂಕಿತವೇ ಮರೆಯಾಗುತ್ತದೆ. ಕರ್ತೃತ್ವ ನಿರ್ಣಯದ ಮುಖ್ಯ ಆಧಾರವೇ ಇಲ್ಲವಾಗುತ್ತದೆ.

ದೋಷಪರಿಶೀಲನೆಗೆ ಒಂದು ಕ್ರಮವಿದೆ. ಮೊದಲು ಒಳಪುಟವನ್ನು ಪ್ರತ್ಯೇಕವಾಗಿ ತೆರೆಯಬೇಕು. ಅಲ್ಲಿ ಪಠ್ಯ ಪೂರ್ಣವಾಗಿ ಕಂಡರೆ ದೋಷ ಚೌಕಟ್ಟಿನದು. ಬಳಿಕ 'ನೋ' ಎಂಬಲ್ಲಿ 'ಆಟೋ' ಎಂದು ತಿದ್ದಿದರೆ, ಅಗತ್ಯವಿದ್ದಾಗ ಮಾತ್ರ ಸ್ಕ್ರಾಲ್ ಪಟ್ಟಿ ಮೂಡುತ್ತದೆ. ಕೊನೆಗೆ ಅಕ್ಷರಗಾತ್ರವನ್ನು ಇಮ್ಮಡಿಗೊಳಿಸಿ, ಕೊನೆಯ ಸಾಲಿನವರೆಗೂ ಸರಿದು ನೋಡಬೇಕು.

ಆದರೆ ಉಲ್ಲೇಖದ ತೊಡಕು ಇದರಿಂದ ನೀಗದು. ಫ್ರೇಮ್ ಪುಟದಲ್ಲಿ ಯಾವ ಪದ್ಯ ತೆರೆದಿದ್ದರೂ ವಿಳಾಸಪಟ್ಟಿ ಹೊರಚೌಕಟ್ಟಿನ ವಿಳಾಸವನ್ನೇ ತೋರುತ್ತದೆ. ಅದನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಓದುಗ ತಲಪುವುದು ಮುಖಪುಟಕ್ಕೆ, ಉದ್ದೇಶಿತ ಪದ್ಯಕ್ಕಲ್ಲ.

2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5 'ಫ್ರೇಮ್‌ಸೆಟ್' ಪದ್ಧತಿಯನ್ನು ಕೈಬಿಟ್ಟಿತು. ಪುಟದೊಳಗೆ ಪುಟವನ್ನಿರಿಸುವ 'ಐಫ್ರೇಮ್' ಮಾತ್ರ ಉಳಿಯಿತು. ಇಂದು ಸಿಎಸ್‌ಎಸ್ ಮೂಲಕ ಅಕಾರಾದಿಯನ್ನು ಒಂದೆಡೆ ನಿಲ್ಲಿಸಿ, ಪಠ್ಯವನ್ನು ಇಡೀ ಪುಟದೊಡನೆ ಸರಿಯಗೊಡಬಹುದು. ಪ್ರತಿ ಪದ್ಯಕ್ಕೂ ಸ್ವತಂತ್ರ ವಿಳಾಸ ಕಲ್ಪಿಸಬಹುದು. ಆದರೂ ಎತ್ತರವನ್ನು ನಿಗದಿಗೊಳಿಸಿ 'ಓವರ್‌ಫ್ಲೋ' ಗುಣಕ್ಕೆ 'ಹಿಡನ್' ಎಂದು ಬರೆದರೆ ಹಳೆಯ ಲೋಪವೇ ಮರುಕಳಿಸುತ್ತದೆ.

ಆದ್ದರಿಂದ ಜಾಲಪಠ್ಯದ ಕರಡು ತಿದ್ದುವಿಕೆ ಅಕ್ಷರದೋಷಗಳಿಗೆ ಸೀಮಿತವಾಗಲಾಗದು. ಕೊನೆಯ ಸಾಲು ಎಲ್ಲ ಪರದೆಗಳಲ್ಲಿಯೂ ಕಾಣುವುದೇ ಎಂಬ ಪರೀಕ್ಷೆಯೂ ಸಂಪಾದಕನ ಹೊಣೆಗೆ ಸೇರಿದ್ದು.