ಉತ್ತರದ ಪರೀಕ್ಷೆ: ಬೀಜಗಣಿತದಿಂದ ಕಲನಶಾಸ್ತ್ರಕ್ಕೆ

ಸಮೀಕರಣವನ್ನು ಬಿಡಿಸಿ ಬೆಲೆಯನ್ನು ಕಂಡುಹಿಡಿದೊಡನೆ ಲೆಕ್ಕ ಮುಗಿಯಿತೆಂದು ವಿದ್ಯಾರ್ಥಿಯು ಭಾವಿಸುವುದುಂಟು. ವಾಸ್ತವವಾಗಿ ಆಗ ಮುಗಿದಿರುವುದು ಅರ್ಧ ಕೆಲಸ ಮಾತ್ರ. ದೊರೆತ ಬೆಲೆಯು ಪ್ರಶ್ನೆಯ ಅರ್ಥಕ್ಕೆ ಹೊಂದುವುದೇ ಎಂದು ವಿಚಾರಿಸುವುದು ಉಳಿದ ಅರ್ಧ.

ಇದಕ್ಕೆ ಪ್ರಾಚೀನ ನಿದರ್ಶನವೊಂದುಂಟು. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು 'ಬೀಜಗಣಿತ'ದಲ್ಲಿ ಕಪಿಗಳ ಲೆಕ್ಕವೊಂದನ್ನು ಕೊಟ್ಟಿದ್ದಾರೆ. ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು ವರ್ಗಿಸಿದರೆ ಬರುವಷ್ಟು ಕಪಿಗಳು ಗುಹೆಯನ್ನು ಹೊಕ್ಕವು. ಒಂದು ಮಾತ್ರ ಹೊರಗೆ ಉಳಿಯಿತು. ಹಿಂಡಿನಲ್ಲಿದ್ದ ಕಪಿಗಳೆಷ್ಟು?

ಅವ್ಯಕ್ತ ಸಂಖ್ಯೆಯನ್ನು ನಮ್ಮ ಪೂರ್ವಿಕರು 'ಯಾವತ್ತಾವತ್' ಎಂದು ಕರೆದು 'ಯಾ' ಎಂದು ಸಂಕ್ಷೇಪಿಸುತ್ತಿದ್ದರು. ಅದನ್ನೇ ಇಲ್ಲಿ ಬಳಸಿದರೆ,

(ಯಾ/5 − 3)² + 1 = ಯಾ

ಬಿಡಿಸಿದಾಗ, ಯಾ² − 55ಯಾ + 250 = 0

ಅಂದರೆ, (ಯಾ − 50)(ಯಾ − 5) = 0

ಮೂಲಗಳು 50 ಮತ್ತು 5. ಎರಡೂ ಸಮೀಕರಣಕ್ಕೆ ಸರಿಹೊಂದುತ್ತವೆ. ಆದರೆ ಐದರ ಐದನೆಯ ಒಂದು ಭಾಗ 1; ಅದರಿಂದ 3 ಕಪಿಗಳನ್ನು ಕಳೆಯುವುದೆಂತು? ಆದುದರಿಂದಲೇ ಆಚಾರ್ಯರು 5ನ್ನು ತ್ಯಜಿಸಿ 50ನ್ನು ಸ್ವೀಕರಿಸಿದರು.

ಇದೇ ವಿವೇಕವು ಕಲನಶಾಸ್ತ್ರದ ಹೊಸ್ತಿಲಲ್ಲಿಯೂ ಅವಶ್ಯಕ. 12 ಸೆಂಟಿಮೀಟರು ಬಾಹುವುಳ್ಳ ಚೌಕಾಕಾರದ ರಟ್ಟಿನ ನಾಲ್ಕು ಮೂಲೆಗಳಲ್ಲಿ ಸಮನಾದ ಚೌಕಗಳನ್ನು ಕತ್ತರಿಸಿ, ಅಂಚುಗಳನ್ನು ಮೇಲಕ್ಕೆ ಮಡಿಸಿ, ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ಮಾಡಬೇಕಾಗಿದೆ. ಗಾತ್ರವು ಗರಿಷ್ಠವಾಗಲು ಎಷ್ಟು ಕತ್ತರಿಸಬೇಕು?

ಕತ್ತರಿಸಿದ ಚೌಕದ ಬಾಹು 'ಯಾ' ಆದರೆ,

ಗಾತ್ರ = ಯಾ(12 − 2ಯಾ)² = 144ಯಾ − 48ಯಾ² + 4ಯಾ³

ಇದು ಘನಪದವುಳ್ಳ ರಾಶಿಯಾದುದರಿಂದ ವರ್ಗವನ್ನು ಪೂರ್ಣಗೊಳಿಸುವ ಪರಿಚಿತ ಉಪಾಯವು ಸಾಲದು. 'ಯಾ'ವನ್ನು 'ಹ'ದಷ್ಟು ಹೆಚ್ಚಿಸಿ, ಗಾತ್ರದಲ್ಲಾದ ವ್ಯತ್ಯಾಸವನ್ನು 'ಹ'ದಿಂದ ಭಾಗಿಸಬೇಕು. ಆಗ 144 − 96ಯಾ + 12ಯಾ² ಎಂಬುದೂ 'ಹ'ವನ್ನೊಳಗೊಂಡ ಕೆಲವು ಪದಗಳೂ ಉಳಿಯುತ್ತವೆ. 'ಹ'ವು ಸೊನ್ನೆಯನ್ನು ಸಮೀಪಿಸಿದಂತೆ ಆ ಪದಗಳೂ ಸೊನ್ನೆಯತ್ತ ಸಾಗುತ್ತವೆ. ಮೊದಲೇ 'ಹ'ವನ್ನು ಸೊನ್ನೆಯೆಂದು ಎಣಿಸಿದರೆ ಸೊನ್ನೆಯಿಂದ ಭಾಗಿಸಿದಂತಾಗಿ ಲೆಕ್ಕವು ನಿರರ್ಥಕವಾಗುವುದು. ಈ ಸೂಕ್ಷ್ಮವನ್ನು ವಿದ್ಯಾರ್ಥಿಯ ಮನಸ್ಸಿಗೆ ತರುವುದು ಅಧ್ಯಾಪಕರ ಮುಖ್ಯ ಹೊಣೆ.

ಗರಿಷ್ಠ ಸ್ಥಾನದಲ್ಲಿ ಈ ಬದಲಾವಣೆಯ ದರವು ಸೊನ್ನೆಯಾಗಬೇಕು:

12(ಯಾ² − 8ಯಾ + 12) = 0

ಅಂದರೆ, 12(ಯಾ − 2)(ಯಾ − 6) = 0

ಇಲ್ಲಿಯೂ ಮೂಲಗಳು ಎರಡು. ಆರು ಸೆಂಟಿಮೀಟರು ಕತ್ತರಿಸಿದರೆ ರಟ್ಟೇ ಉಳಿಯದು, ಗಾತ್ರ ಸೊನ್ನೆ. ಎರಡು ಸೆಂಟಿಮೀಟರು ಕತ್ತರಿಸಿದರೆ ಗಾತ್ರ 2 × 8 × 8 = 128 ಘನ ಸೆಂಟಿಮೀಟರು. ಒಂದು ಸೆಂಟಿಮೀಟರಿಗೆ 100, ಮೂರಕ್ಕೆ 108 ಎಂಬುದನ್ನು ಹೋಲಿಸಿ ನೋಡಿದರೆ ವಿದ್ಯಾರ್ಥಿಗೆ ನಂಬಿಕೆ ದೃಢವಾಗುವುದು. ದರವು ಸೊನ್ನೆಯಾದ ಮಾತ್ರಕ್ಕೆ ಗರಿಷ್ಠವು ದೊರೆತಂತಲ್ಲವೆಂಬುದೂ ಇದರಿಂದ ಸ್ಪಷ್ಟ.

ಕಲನಶಾಸ್ತ್ರವು ತೋರಿದ ದಾರಿಯ ಕೊನೆಯಲ್ಲಿ ಮತ್ತೆ ವರ್ಗಸಮೀಕರಣವೇ ಎದುರಾಯಿತೆಂಬುದು ಗಮನಾರ್ಹ. ಅಪವರ್ತನದಲ್ಲಿ ಕೈ ಪಳಗದವನು ಇಲ್ಲಿ ಎಡವುವುದು ಸಹಜ. ಆದರೆ ಅವನು ಕಲನವೇ ಕಠಿಣವೆಂದು ದೂರುವನು. ಕೆಳಗಿನ ತರಗತಿಗಳಲ್ಲಿ ಬೀಜಗಣಿತಕ್ಕೆ ವ್ಯಯಿಸಿದ ಸಮಯವು ವ್ಯರ್ಥವಲ್ಲ. ಸೂತ್ರವನ್ನು ಕಂಠಪಾಠ ಮಾಡಿದವನಿಗೆ ಎರಡು ಉತ್ತರಗಳು ಸಿಗುತ್ತವೆ. ಅವುಗಳಲ್ಲಿ ಯಾವುದು ಗ್ರಾಹ್ಯವೆಂದು ಹೇಳಬಲ್ಲವನೇ ಗಣಿತವನ್ನು ಕಲಿತವನು.