ಬೋರ್ಡು ಓದಿದೆವು, ಕಡಲು ನೋಡಿದೆವು

ನಮ್ಮ ಕಲಿಕಾ ಕೇಂದ್ರ ಮಂಗಳೂರಿನ ಹೊರಗೆ, ಕುಡುಪಿನ ಹತ್ತಿರ ಇದೆ. ರಾತ್ರಿ ಊಟದ ಕೆಲಸ ಮುಗಿಸಿ ನಾವು ಸೇರುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು. ಇಬ್ಬರು ಮೀನು ಮಾರುವವರು. ಕೆಲವರು ಕೂಲಿಗೆ ಹೋಗುವವರು.

ಮನೆಯಲ್ಲಿ ನಮ್ಮ ಮಾತು ಬೇರೆ ಬೇರೆ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ ಎನ್ನುತ್ತೇವೆ. ಕೊಂಕಣಿಯಲ್ಲಿ ಕೊಡಿಯಾಲ್. ಬ್ಯಾರಿಯಲ್ಲಿ ಮೈಕಾಲ. ಆದರೆ ಬಸ್ಸಿನ ಬೋರ್ಡಿನಲ್ಲಿ ಇರುವುದು ಕನ್ನಡ. ಆ ಕನ್ನಡವನ್ನು ಈಗ ನಾವು ಓದುತ್ತೇವೆ.

ಒಂದು ರಾತ್ರಿ ತರಗತಿಯಲ್ಲಿ ಒಂದು ಪ್ರಶ್ನೆ ಬಂತು. "ಕಳೆದ ಸಲ ನೀವು ಪೇಟೆಗೆ ಹೋದದ್ದು ಯಾಕೆ?"

ಒಬ್ಬರು ಹೇಳಿದರು, "ದೊಡ್ಡಾಸ್ಪತ್ರೆಗೆ."

ಇನ್ನೊಬ್ಬರು ಹೇಳಿದರು, "ಮಗಳ ಮದುವೆಗೆ ಸೀರೆ ತರ್ಲಿಕ್ಕೆ."

ಮತ್ತೊಬ್ಬರು ಹೇಳಿದರು, "ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಲಿಕ್ಕೆ."

"ಸುಮ್ಮನೆ ನೋಡಲಿಕ್ಕೆ, ಸಂತೋಷಕ್ಕೆ ಹೋದವರು ಯಾರು?"

ಯಾರೂ ಕೈ ಎತ್ತಲಿಲ್ಲ.

ನಮ್ಮಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. ಅವರು ಬೀಡಿ ಕಟ್ಟಿಯೇ ಮೂರು ಮಕ್ಕಳನ್ನು ಸಾಕಿದವರು. ಅವರು ಮೆಲ್ಲಗೆ ಹೇಳಿದರು, "ನಾನು ಹುಟ್ಟಿದ್ದು ಇಲ್ಲೇ. ಕಡಲನ್ನು ಬಸ್ಸಿನ ಕಿಟಕಿಯಿಂದ ಎರಡು ಸಲ ನೋಡಿದ್ದೇನೆ. ಹತ್ತಿರ ಹೋಗಿ ನಿಂತದ್ದಿಲ್ಲ."

ಮೀನು ಮಾರುವ ಅಕ್ಕ ನಕ್ಕರು. "ನಾನು ದಿನಾ ಬೆಳಿಗ್ಗೆ ದಕ್ಕೆಗೆ ಹೋಗ್ತೇನೆ. ಕಡಲಿನ ಮೀನು ಮಾರ್ತೇನೆ. ಆದರೆ ಕಡಲಿನ ಎದುರು ಐದು ನಿಮಿಷ ಕೂತದ್ದಿಲ್ಲ ಮಾರಾಯ್ತಿ!"

ಅಂದೇ ತೀರ್ಮಾನ ಮಾಡಿದೆವು. ಒಂದು ಭಾನುವಾರ ಹೋಗುವುದು. ಯಾರ ಗಂಡಸರೂ ಜೊತೆಗೆ ಬೇಡ. ದಾರಿಯನ್ನು ನಾವೇ ಓದಿಕೊಂಡು ಹೋಗುವುದು.

ದೊಡ್ಡಮ್ಮನ ಮಗ ಕೇಳಿದನಂತೆ, "ಅಲ್ಲಿ ನಿಮಗೆ ಎಂತ ಕೆಲಸ?"

ದೊಡ್ಡಮ್ಮ ಕೇಳಿದರಂತೆ, "ನೀನು ಹೋಗುವಾಗ ಎಂತ ಕೆಲಸ ಇರ್ತದೆ ಮಗಾ?"

ಮಗ ಉತ್ತರ ಕೊಡಲಿಲ್ಲವಂತೆ.

ದಾರಿಯ ಚೀಟಿ

ಹೋಗುವ ಮೊದಲು ಎಲ್ಲರೂ ಒಂದು ಚೀಟಿ ಬರೆದುಕೊಂಡೆವು. ನಮ್ಮ ದಾರಿಯ ಊರುಗಳನ್ನು ಒಂದರ ಕೆಳಗೆ ಒಂದು ಬರೆದೆವು.

ಕುಡುಪು
ಕುಲಶೇಖರ
ನಂತೂರು
ಮಲ್ಲಿಕಟ್ಟೆ
ಜ್ಯೋತಿ
ಹಂಪನಕಟ್ಟೆ
ಸ್ಟೇಟ್‌ಬ್ಯಾಂಕ್

ಕೊನೆಯ ಹೆಸರು ಓದಿ ಒಬ್ಬ ತಂಗಿ ಹೇಳಿದಳು, "ಬ್ಯಾಂಕಿಗೆ ಯಾಕೆ? ಭಾನುವಾರ ಬಾಗಿಲು ಹಾಕಿರ್ತದಲ್ಲ!"

ಎಲ್ಲರೂ ನಕ್ಕೆವು. ಅಲ್ಲಿ ಹತ್ತಿರದಲ್ಲಿ ಸ್ಟೇಟ್ ಬ್ಯಾಂಕ್ ಇದೆ. ಅದರಿಂದ ಬಸ್ ನಿಲ್ದಾಣಕ್ಕೆ ಆ ಹೆಸರು ಬಂತು. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತವೆ, ಅಲ್ಲಿಗೇ ಬರುತ್ತವೆ. ಆದ್ದರಿಂದ ಪೇಟೆಯಲ್ಲಿ ದಾರಿ ತಪ್ಪಿದರೆ ಈ ಹೆಸರು ನೆನಪಿಡಬೇಕು. ಸ್ಟೇಟ್‌ಬ್ಯಾಂಕ್ ಎಂಬ ಬೋರ್ಡಿನ ಬಸ್ಸು ಹತ್ತಿದರೆ ಪುನಃ ಅಲ್ಲಿಗೆ ಬರಬಹುದು.

ಬಸ್ಸಿನ ಹಣೆಯನ್ನು ಓದುವುದು

ಭಾನುವಾರ ಬೆಳಿಗ್ಗೆ ಬಸ್ಸು ಬಂತು. ಹಣೆಯ ಮೇಲೆ ದೊಡ್ಡ ಬಣ್ಣದ ಅಕ್ಷರ. ಅದನ್ನು ಓದಿ ಒಬ್ಬರು, "ಇದು ಯಾವ ಊರು?" ಎಂದರು. ಅದು ಊರಲ್ಲ, ಬಸ್ಸಿನ ಹೆಸರು. ನಮ್ಮ ಖಾಸಗಿ ಬಸ್ಸುಗಳಿಗೆ ದೇವರ ಹೆಸರು, ಮಕ್ಕಳ ಹೆಸರು ಇಡುತ್ತಾರೆ. ಅದು ದೊಡ್ಡದಾಗಿ ಇರುತ್ತದೆ. ಊರಿನ ಹೆಸರು ಬೇರೆ ಬೋರ್ಡಿನಲ್ಲಿ ಇರುತ್ತದೆ. ಜೊತೆಗೆ ಒಂದು ನಂಬರ್ ಇರುತ್ತದೆ. ಕೆಲವು ನಂಬರಿನ ಹಿಂದೆ ಎ, ಬಿ, ಸಿ ಎಂಬ ಅಕ್ಷರವೂ ಇರುತ್ತದೆ. ಅಕ್ಷರ ಬದಲಾದರೆ ದಾರಿಯೂ ಬದಲಾಗಬಹುದು. ಆದ್ದರಿಂದ ನಂಬರ್ ಮಾತ್ರ ನೋಡಿದರೆ ಸಾಲದು. ಊರಿನ ಹೆಸರನ್ನೂ ಓದಬೇಕು.

ಬಸ್ಸು ಹತ್ತಿದೆವು. ಒಬ್ಬ ಅಕ್ಕ ಆಧಾರ್ ಕಾರ್ಡ್ ತೋರಿಸಿದರು. ಕಂಡಕ್ಟರ್ ಹೇಳಿದರು, "ಅಕ್ಕಾ, ಅದು ಇದರಲ್ಲಿ ಇಲ್ಲ. ಅದು ಸರಕಾರಿ ಬಸ್ಸಿಗೆ." ಅಕ್ಕನಿಗೆ ನಾಚಿಕೆ ಆಯಿತು.

ನಾಚಿಕೆ ಬೇಡ. ವಿಷಯ ತಿಳಿದುಕೊಳ್ಳೋಣ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರು ಆಯಿತು. ಇದರಲ್ಲಿ ರಾಜ್ಯದ ಹೆಂಗಸರು ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹಣ ಕೊಡದೆ ಹೋಗಬಹುದು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಅದನ್ನು ಕೇಳಿ ಪಡೆಯಬೇಕು. ಎ.ಸಿ. ಬಸ್ಸಿಗೆ, ರಾಜಹಂಸಕ್ಕೆ, ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೆ ಇದು ಇಲ್ಲ. ಮಂಗಳೂರಿನಲ್ಲಿ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ಅವುಗಳಲ್ಲಿ ಟಿಕೆಟ್ ತೆಗೆಯಬೇಕು. ಸರಕಾರಿ ಬಸ್ಸಿನ ಮೇಲೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಹೆಸರು ಇರುತ್ತದೆ. ಹತ್ತುವ ಮೊದಲೇ ಓದಿದರೆ ಹಣದ ಲೆಕ್ಕ ಮೊದಲೇ ಗೊತ್ತಾಗುತ್ತದೆ.

ದಾರಿಯಲ್ಲಿ ಅಂಗಡಿಗಳ ಬೋರ್ಡು ಓದಿದೆವು. ಅಂಗಡಿಯ ಹೆಸರಿನ ಕೆಳಗೆ ಊರಿನ ಹೆಸರೂ ಇರುತ್ತದೆ. ನಂತೂರು. ಮಲ್ಲಿಕಟ್ಟೆ. ಒಂದೊಂದು ಊರು ಬಂದಾಗ ಚೀಟಿಯಲ್ಲಿ ಗೆರೆ ಎಳೆದೆವು.

ಹೊಳೆ ದಾಟಿ ಕಡಲಿಗೆ

ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು, ಸುಲ್ತಾನ್ ಬತ್ತೇರಿ ಎಂಬ ಬೋರ್ಡಿನ ಬಸ್ಸು ಹುಡುಕಿ ಹತ್ತಿದೆವು. ಕೊನೆಯ ನಿಲ್ದಾಣದಲ್ಲಿ ಇಳಿದೆವು. ಅಲ್ಲಿ ಹೊಳೆಯ ದಡದಲ್ಲಿ ಕಪ್ಪು ಕಲ್ಲಿನ ಒಂದು ಕಾವಲು ಬುರುಜು ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಹೊಳೆಯ ದಾರಿಯಲ್ಲಿ ಬರುವ ಶತ್ರುಗಳ ಹಡಗನ್ನು ತಡೆಯಲು ಅದನ್ನು ಕಟ್ಟಿದರು. ಮೆಟ್ಟಿಲು ಹತ್ತಿ ಗೋಡೆಯ ಕಿಂಡಿಯಿಂದ ಹೊಳೆ ನೋಡಿದೆವು.

ಆ ಹೊಳೆ ಯಾವುದು ಗೊತ್ತೇ? ನಮ್ಮ ಗುರುಪುರದ ಹೊಳೆ! ಅದಕ್ಕೆ ಫಲ್ಗುಣಿ ಎಂದೂ ಹೆಸರು. ಗುರುಪುರದ ಸೇತುವೆ ದಾಟುವಾಗ ನಾವು ನೋಡುವ ಅದೇ ನೀರು ಇಲ್ಲಿ ಕಡಲಿನ ಹತ್ತಿರ ಬಂದಿದೆ. ಮುಂದೆ ಅದು ನೇತ್ರಾವತಿಯ ಜೊತೆ ಸೇರಿ ಕಡಲಿಗೆ ಹೋಗುತ್ತದೆ.

ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದೆವು. ಆಚೆ ದಡ ತಣ್ಣೀರುಬಾವಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ನೆಲ. ಮರಗಳ ನೆರಳಿನಲ್ಲಿ ನಡೆದೆವು. ಮೊದಲು ಸದ್ದು ಕೇಳಿತು. ಆಮೇಲೆ ಕಡಲು ಕಂಡಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಹೋದರು. ತೆರೆ ಬಂದು ಪಾದ ಮುಟ್ಟಿತು. "ಬೆಚ್ಚಗೆ ಉಂಟು!" ಎಂದು ಮಗುವಿನ ಹಾಗೆ ಕೂಗಿದರು. ಮೀನು ಮಾರುವ ಅಕ್ಕ ಮರಳಿನಲ್ಲಿ ಕೂತರು. ಐದು ನಿಮಿಷ ಅಲ್ಲ, ಒಂದು ಗಂಟೆ ಕೂತರು. ತಂದ ಅವಲಕ್ಕಿ, ಬಾಳೆಹಣ್ಣು ಹಂಚಿ ತಿಂದೆವು. ಬಾಳೆಹಣ್ಣಿನ ಸಿಪ್ಪೆ, ಕಾಗದ ಎಲ್ಲ ಚೀಲಕ್ಕೆ ಹಾಕಿಕೊಂಡೆವು.

ನೆನಪಿಡಿ: ನಾವು ಹೋದದ್ದು ಜನವರಿಯಲ್ಲಿ. ಜೂನ್ ತಿಂಗಳಲ್ಲಿ ಮಳೆ ಶುರುವಾದ ಮೇಲೆ ಕಡಲು ಬಿರುಸಾಗಿರುತ್ತದೆ. ಆಗ ನೀರಿಗೆ ಇಳಿಯಬಾರದು. ಹೊಳೆ ತುಂಬಿದಾಗ ದೋಣಿಗೂ ಹತ್ತಬಾರದು. ಹೊರಡುವ ಮೊದಲು ದೋಣಿ ಉಂಟೋ ಎಂದು ಕೇಳಿಕೊಳ್ಳಬೇಕು. ಯಾವ ಕಾಲದಲ್ಲೂ ಕಾವಲಿನವರು ಸೀಟಿ ಊದಿದರೆ ಹಿಂದೆ ಬರಬೇಕು.

ಮಾರ್ಕೆಟಿನಲ್ಲಿ

ಹಿಂದೆ ಬಂದು ಸ್ಟೇಟ್‌ಬ್ಯಾಂಕಿನ ಹತ್ತಿರ ಸುತ್ತಾಡಿದೆವು. ಬಸಳೆಯ ಕಟ್ಟು, ಹರಿವೆ, ಅಲಸಂಡೆ, ಮಂಗಳೂರು ಸೌತೆ ರಾಶಿ ರಾಶಿ ಇದ್ದವು. ಹಿಂದೆ ತರಕಾರಿ ಎಂದರೆ ಇಲ್ಲಿಯ ಸೆಂಟ್ರಲ್ ಮಾರ್ಕೆಟ್. 2020ರಲ್ಲಿ ಕೊರೊನಾ ಬಂದಾಗ ಅದನ್ನು ಮುಚ್ಚಿದರು. ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎ.ಪಿ.ಎಂ.ಸಿ.ಗೆ ಕಳಿಸಿದರು.

ಮೀನಿನ ಹತ್ತಿರ ನಮ್ಮ ಅಕ್ಕನೇ ಟೀಚರ್ ಆದರು. "ಕಿವಿ ಎತ್ತಿ ನೋಡಿ. ಕೆಂಪಗೆ ಇದ್ದರೆ ತಾಜಾ. ಕಣ್ಣು ಹೊಳೆಯಬೇಕು. ಬೆರಳಿನಿಂದ ಒತ್ತಿದರೆ ಗುಂಡಿ ಬೀಳಬಾರದು." ನಾವು ಎಲ್ಲ ಬರೆದುಕೊಂಡೆವು. ಅವರು ಇನ್ನೊಂದು ಮಾತು ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ಆಗ ಬಂಗುಡೆ, ಬೂತಾಯಿಗೆ ರೇಟು ಏರುತ್ತದೆ.

ತೂಕದ ಮೆಷಿನನ್ನೂ ಓದಿದೆವು. ಏನೂ ಇಡುವ ಮೊದಲು ಅದರಲ್ಲಿ ಸೊನ್ನೆ ಇರಬೇಕು. ಕಾಲು ಕಿಲೋ ಎಂದರೆ 250 ಗ್ರಾಂ. ಅರ್ಧ ಕಿಲೋ ಎಂದರೆ 500 ಗ್ರಾಂ.

ಮಲ್ಲಿಗೆಗೆ ಲೆಕ್ಕ ಬೇರೆ. ನಮ್ಮ ಕಡೆ ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂದು ಮಾರುತ್ತಾರೆ. ಒಂದು ಚೆಂಡಿಗೆ 800 ಹೂ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನಾವು ಒಂದು ಚೆಂಡು ತೆಗೆದು ಎಲ್ಲರೂ ಹಂಚಿ ಮುಡಿದೆವು.

ಕು ಮತ್ತು ಕೂ

ಸಂಜೆ ಬಸ್ಸಿನ ಹತ್ತಿರ ತುಂಬಾ ಜನ. ನಾವು ಎಣಿಸಿ ನೋಡಿದಾಗ ಒಬ್ಬರು ಇಲ್ಲ. ದೊಡ್ಡಮ್ಮ ಇಲ್ಲ!

ಅವರ ಫೋನು ಮನೆಯಲ್ಲಿ ಮಗನ ಹತ್ತಿರ ಇತ್ತು. ನಮಗೆ ಎದೆ ಹೊಡೆದುಕೊಂಡಿತು. ಇಬ್ಬರು ಹುಡುಕಲು ಹೋದರು. ಉಳಿದವರು ಅಲ್ಲೇ ನಿಂತೆವು. ಮುಕ್ಕಾಲು ಗಂಟೆ ಆಯಿತು. ಕತ್ತಲೆ ಆಗುತ್ತಾ ಬಂತು.

ಆಗ ಒಂದು ಬಸ್ಸು ಬಂದು ನಿಂತಿತು. ದೊಡ್ಡಮ್ಮ ಇಳಿದರು. ಕೈಯಲ್ಲಿ ಚೀಟಿ ಇತ್ತು. ತಲೆಯಲ್ಲಿ ಮಲ್ಲಿಗೆ ಇತ್ತು.

ಏನಾಗಿತ್ತು? ಗಡಿಬಿಡಿಯಲ್ಲಿ ದೊಡ್ಡಮ್ಮ ಬೋರ್ಡಿನ ಮೊದಲ ಅಕ್ಷರ ಮಾತ್ರ ನೋಡಿದ್ದರು. 'ಕು' ಎಂದುಕೊಂಡು ಹತ್ತಿದರು. ಅದು 'ಕು' ಅಲ್ಲ, 'ಕೂ'. ಕುಡುಪಿನ ಬಸ್ಸಲ್ಲ, ಕೂಳೂರಿನ ಬಸ್ಸು! ನಾವು ಹಿಂದೆ ಇದ್ದೇವೆ ಎಂದು ಎಣಿಸಿ ಕಿಟಕಿಯ ಹತ್ತಿರ ಕೂತರು. ಸ್ವಲ್ಪ ದೂರ ಹೋದ ಮೇಲೆ ಹೊರಗೆ ಬೋರ್ಡು ಓದಿದರು: ಲಾಲ್‌ಬಾಗ್. ಚೀಟಿ ತೆಗೆದು ನೋಡಿದರು. ಚೀಟಿಯಲ್ಲಿ ಲಾಲ್‌ಬಾಗ್ ಇಲ್ಲ!

"ನನಗೆ ಕೈಕಾಲು ನಡುಗಿತು," ಎಂದರು ದೊಡ್ಡಮ್ಮ. "ಹಿಂದೆ ಆಗಿದ್ದರೆ ಅಲ್ಲೇ ಕೂತು ಅಳ್ತಿದ್ದೆ. ಆದರೆ ಚೀಟಿ ಇತ್ತಲ್ಲ. ಇಳಿದೆ. ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತೆ. ಮೂರು ಬಸ್ಸು ಬಿಟ್ಟೆ. ನಾಲ್ಕನೆಯದರಲ್ಲಿ ಸ್ಟೇಟ್‌ಬ್ಯಾಂಕ್ ಅಂತ ಇತ್ತು. ಎರಡು ಸಲ ಓದಿ ಹತ್ತಿದೆ."

ಆ ಮಾತು ಕೇಳಿ ನಮ್ಮ ಕಣ್ಣಿನಲ್ಲಿ ನೀರು ಬಂತು. ದೊಡ್ಡಮ್ಮ ಮಾತ್ರ ನಗುತ್ತಿದ್ದರು.

ಇಷ್ಟು ದಿನ ನಾವು ದೀರ್ಘ ಬರೆಯುವಾಗ ಬೇಸರ ಮಾಡುತ್ತಿದ್ದೆವು. "ಒಂದು ಗೀಟಿನಲ್ಲಿ ಎಂತ ಉಂಟು?" ಎನ್ನುತ್ತಿದ್ದೆವು. ಈಗ ಗೊತ್ತಾಯಿತು. ಒಂದು ಗೀಟಿನಲ್ಲಿ ಮನೆಯ ದಾರಿ ಉಂಟು.

ಒಂದು ತಿಂಗಳ ನಂತರ ದೊಡ್ಡಮ್ಮ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಕಡಲಿಗೆ ಹೋಗಿ ಬಂದರು. ಚೀಟಿ ಬರೆದವರು ದೊಡ್ಡಮ್ಮ. ಬೋರ್ಡು ಓದಿದವರು ದೊಡ್ಡಮ್ಮ. ಮಗ ಈಗ "ಎಂತ ಕೆಲಸ?" ಎಂದು ಕೇಳುವುದಿಲ್ಲ. "ಎಷ್ಟು ಗಂಟೆಗೆ ಬರ್ತೀರಿ?" ಎಂದು ಕೇಳುತ್ತಾನೆ.

ನಮ್ಮ ಮುಂದಿನ ತಿರುಗಾಟ ಪಿಲಿಕುಳಕ್ಕೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಅಲ್ಲಿ ಕೆರೆ ಉಂಟು, ಕಾಡಿನ ದಾರಿ ಉಂಟು, ಡಾ. ಶಿವರಾಮ ಕಾರಂತರ ಹೆಸರಿನ ಪ್ರಾಣಿ ಸಂಗ್ರಹಾಲಯ ಉಂಟು. ಚೀಟಿ ಬರೆಯಲು ಶುರು ಮಾಡಿದ್ದೇವೆ.

ದುಡಿಯಲು ಮಾತ್ರ ನಾವು ಹುಟ್ಟಿದ್ದಲ್ಲ. ಊರು ನಮ್ಮದು, ಹೊಳೆ ನಮ್ಮದು, ಕಡಲೂ ನಮ್ಮದು. ನೋಡಲು ಹೋಗೋಣ. ಓದಿಕೊಂಡು ಹೋಗೋಣ.

ಓದಿ

ಕುಡುಪು – ಕೂಳೂರು
ಊರು – ಉರ್ವ
ಹೊಳೆ – ದೋಣಿ
ಚೆಂಡು – ಅಟ್ಟೆ

ಬರೆಯಿರಿ

ನಿಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯ ಊರುಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಚೀಟಿಯನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಲೆಕ್ಕ ಮಾಡಿ

1. ಒಂದು ಚೆಂಡಿಗೆ 800 ಹೂ. ಒಂದು ಅಟ್ಟೆಗೆ ಎಷ್ಟು ಹೂ?
2. ಬಂಗುಡೆಗೆ ಕಿಲೋಗೆ 240 ರೂಪಾಯಿ ಎಂದುಕೊಳ್ಳಿ. ಅರ್ಧ ಕಿಲೋಗೆ ಎಷ್ಟು? 200 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು?

ಮಾತಾಡಿ

ನೀವು ಸಂತೋಷಕ್ಕಾಗಿ ಎಲ್ಲಿಗೆ ಹೋಗಬೇಕು ಎಂದಿದ್ದೀರಿ? ಇಷ್ಟು ದಿನ ಯಾಕೆ ಹೋಗಲಿಲ್ಲ? ಯಾರ ಜೊತೆ ಹೋಗುವಿರಿ?