ಪೊಟ್ಯಾಷ್‌ಕಾರ್ಪ್‌ನಿಂದ ನ್ಯೂಟ್ರಿಯನ್‌ವರೆಗೆ

ಹೊಸದುರ್ಗ, ಹೊಳಲ್ಕೆರೆಯ ತೆಂಗು-ಅಡಿಕೆ ತೋಟಗಳಿಗೂ ವಾಣಿವಿಲಾಸ ಸಾಗರದ ನೀರು ಕುಡಿಯುವ ಹಿರಿಯೂರಿನ ತೋಟಗಳಿಗೂ ಬೇಕಾದ ಪೊಟ್ಯಾಷ್ ಗೊಬ್ಬರ ಚಿತ್ರದುರ್ಗದ ಗಣಿಗಳಲ್ಲಿ ಸಿಗುವುದಿಲ್ಲ. ಭಾರತ ತನಗೆ ಬೇಕಾದ ಪೊಟ್ಯಾಷ್‌ಗೆ ಆಮದನ್ನೇ ನೆಚ್ಚಿಕೊಂಡಿದೆ. ಫಲ ಕೊಡುವ ಒಂದು ತೆಂಗಿಗೆ ವರ್ಷಕ್ಕೆ 1,200 ಗ್ರಾಂ ಪೊಟ್ಯಾಷ್ ಶಿಫಾರಸು. ಶೇ 60 ಪೊಟ್ಯಾಷ್ ಇರುವ ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್) ಲೆಕ್ಕದಲ್ಲಿ ಅದು 2 ಕೆ.ಜಿ. ಈ ಲೆಕ್ಕ ಕೃಷಿ ಅಧಿಕಾರಿ ಹುದ್ದೆಯ ಅಭ್ಯರ್ಥಿಗಳಿಗೆ ಗೊತ್ತಿರಲಿ.

ಪೊಟ್ಯಾಷ್‌ನ ದೊಡ್ಡ ನಿಕ್ಷೇಪ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿದೆ. ಪ್ರಾಚೀನ ಸಮುದ್ರ ಬತ್ತಿ ಉಳಿದ ಲವಣ ಪದರವದು. ಅಲ್ಲಿನ ಪ್ರಾಂತೀಯ ಸರ್ಕಾರ 1975ರಲ್ಲಿ ಪೊಟ್ಯಾಷ್ ಕಾರ್ಪೊರೇಷನ್ (ಪೊಟ್ಯಾಷ್‌ಕಾರ್ಪ್) ಸ್ಥಾಪಿಸಿ ಖಾಸಗಿ ಗಣಿಗಳನ್ನು ಕೊಂಡಿತು. 1989ರಲ್ಲಿ ಅದೇ ಸಂಸ್ಥೆಯನ್ನು ಖಾಸಗೀಕರಣ ಮಾಡಲಾಯಿತು. 2010ರಲ್ಲಿ ಆಸ್ಟ್ರೇಲಿಯಾ ಮೂಲದ ಬಿಎಚ್‌ಪಿ ಬಿಲಿಟನ್ ಸುಮಾರು 3,900 ಕೋಟಿ ಡಾಲರಿಗೆ ಇದನ್ನು ಕೊಳ್ಳಲು ಹೊರಟಿತು. ಆದರೆ ಕೆನಡಾದ ಕೇಂದ್ರ ಸರ್ಕಾರ ತಡೆಯಿತು. ಮುಕ್ತ ಮಾರುಕಟ್ಟೆ ಎನ್ನುವ ದೇಶವೂ ಗೊಬ್ಬರದ ಗಣಿಯನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ! 2018ರ ಜನವರಿ 1ರಂದು ಪೊಟ್ಯಾಷ್‌ಕಾರ್ಪ್ ಅಗ್ರಿಯಂ ಎಂಬ ಕಂಪನಿಯ ಜೊತೆ ವಿಲೀನವಾಗಿ ನ್ಯೂಟ್ರಿಯನ್ ಹುಟ್ಟಿತು.

ಗೊಂದಲ ಬೇಡ: ಪೊಟ್ಯಾಷ್ ಉತ್ಪಾದಿಸುವ ಮೊಸಾಯಿಕ್ ಬೇರೆಯೇ ಕಂಪನಿ, ಸ್ಥಾಪನೆ 2004. ಕೆನಡಾ ಮತ್ತು ಅಮೆರಿಕದ ಹೊರಗಿನ ಮಾರಾಟಕ್ಕಾಗಿ ಇರುವ ಕ್ಯಾನ್‌ಪೊಟೆಕ್ಸ್ ನ್ಯೂಟ್ರಿಯನ್ ಮತ್ತು ಮೊಸಾಯಿಕ್‌ಗಳ ಜಂಟಿ ಒಡೆತನದ್ದು. ಇನ್ನು ಭಾರತದಲ್ಲಿ ಎಂಒಪಿಗೆ 2010ರ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಬ್ಸಿಡಿ ಅನ್ವಯ. ಯೂರಿಯಾ ಈ ಯೋಜನೆಯಲ್ಲಿಲ್ಲ.